ಲಾಭದಿಂದ ಎಣಿಸಿದ ಸೇತುವೆ

ಕಂಪ್ಲಿ ಪೇಟೆಯಲ್ಲಿ ತೋಟಪ್ಪನ ಅಕ್ಕಿ ಪಾಕೀಟಿನ ಬಗ್ಗೆ ಒಂದು ಮಾತು ಚಾಲ್ತಿಯಲ್ಲಿತ್ತು: “ತೋಟಪ್ಪನ ಇಪ್ಪತ್ತೈದು ಕಿಲೋ ಹೊರಾಕ ಹಗುರ.” ಹಾಗೆ ಆಡಿಕೊಳ್ಳುವವರೂ ಅಕ್ಕಿಗೆ ಅವನ ಅಂಗಡಿಗೇ ಬರುತ್ತಿದ್ದರು. ಪಾಕೀಟು ಗಿರಾಕಿಯ ಗಾಡಿ ಏರಿದ ಮೇಲೆ ತೋಟಪ್ಪ ತಾನೇ ಎದ್ದು ಬಂದು, ತೆರೆದ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಅಕ್ಕಿ ತೆಗೆದು ಗಿರಾಕಿಯ ಕೈಚೀಲಕ್ಕೆ ಸುರಿಯುತ್ತಿದ್ದ. “ಇದು ಕೊಸರು. ನನ್ನ ಅಂಗಡಿಯಿಂದ ಯಾರೂ ಬರೇ ಲೆಕ್ಕದ ಮಾಲು ಒಯ್ಯಬಾರದು” ಅನ್ನುತ್ತಿದ್ದ. ಪಾಕೀಟಿನಲ್ಲಿ ಕಮ್ಮಿ ಇರುತ್ತಿದ್ದದ್ದು ಮುನ್ನೂರು ಗ್ರಾಂ. ಅವನ ಹಿಡಿಗೆ ಬರುತ್ತಿದ್ದದ್ದು ಐವತ್ತು ಗ್ರಾಂ, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ. ಐವತ್ತು ಗ್ರಾಂ ಕಣ್ಣಿಗೆ ಕಾಣುತ್ತದೆ, ಮುನ್ನೂರು ಕಾಣುವುದಿಲ್ಲ. ಹೀಗಾಗಿ ಪೇಟೆ ಅವನನ್ನು ಧಾರಾಳಿ ಅಂತಲೇ ಕರೆಯಿತು.

ಯಾರಾದರೂ ಮುಖಕ್ಕೇ ಕೇಳಿದರೆ ಅದಕ್ಕೂ ಉತ್ತರವಿತ್ತು. “ಅಕ್ಕಿ ಉಸಿರಾಡ್ತೈತ್ರಿ. ಗಿರಣಿಯಿಂದ ಬಂದ ದಿನ ಒಂದು ತೂಕ, ಒಣಗಿದ ಮ್ಯಾಲ ಒಂದು ತೂಕ. ನಾನೇನು ಅದರ ಮೂಗು ಹಿಡ್ಕೊಂಡು ಕುಂದ್ರಾಕ ಆಗ್ತೈತೇನು?”

ಇಂಥ ತೋಟಪ್ಪನಿಗೆ ಅರವತ್ತನಾಲ್ಕನೇ ವರ್ಷದಲ್ಲಿ, ದೀಪಾವಳಿ ಮುಗಿಯುತ್ತಲೇ, ಎಡ ಮೊಣಕಾಲಿನ ಆಪರೇಷನ್ ಆಯಿತು. ಮೂರು ತಿಂಗಳು ಮೆಟ್ಟಿಲು ಹತ್ತಬಾರದು ಎಂದರು ಡಾಕ್ಟರು. ಅಂಗಡಿಗೆ ಐದು ಮೆಟ್ಟಿಲು. ಅಲ್ಲಿ ಮಗ ಮನೋಹರ ಕೂತ. ಎಲೆಕ್ಟ್ರಾನಿಕ್ ತಕ್ಕಡಿ ತಂದ. ಆದರೂ ಪಾಕೀಟನ್ನು ಅಪ್ಪ ಇಟ್ಟ ಗುರುತಿಗೇ ತುಂಬಿಸಿದ, ಹಿರಿಯರ ಮೇಲಿನ ಭಕ್ತಿಯಿಂದ.

ಮನೆಯಲ್ಲಿ ಕೂತ ತೋಟಪ್ಪ ಹದಿನೈದು ದಿನಕ್ಕೇ ಹೆಂಡತಿ ಸಂಗಮ್ಮನಿಗೆ ಸಾಕುಸಾಕಾಗಿ ಹೋದ. ಅಡುಗೆಮನೆಗೆ ಬಂದು ಬೇಳೆ ಡಬ್ಬಿಗೆ ಕೈ ಹಾಕುವನು. ಒಂದು ಕಾಳು ಬಾಯಿಗೆ ಹಾಕಿಕೊಂಡು, “ಇದು ಹೋದ ವರ್ಷದ್ದು” ಅನ್ನುವನು. ತರಕಾರಿಯವಳ ಬುಟ್ಟಿ ಇಳಿಸಿ ಬದನೆಕಾಯಿಗಳನ್ನು ಗಾತ್ರದ ಪ್ರಕಾರ ಸಾಲು ಹಚ್ಚುವನು. ಕೈಗೆ ಕೆಲಸವಿಲ್ಲದ ವ್ಯಾಪಾರಿ ಕಟ್ಟಿ ಹಾಕಿದ ಹೋರಿಯ ಹಾಗೆ, ಗೂಟವನ್ನೇ ತಿವಿಯುತ್ತಿರುತ್ತಾನೆ.

ಮನೆಯಲ್ಲಿ ಇನ್ನೊಬ್ಬಳಿದ್ದಳು. ಮನೋಹರನ ಹೆಂಡತಿ ಸೌಜನ್ಯ, ತಿಪಟೂರಿನ ಮೇಷ್ಟ್ರ ಮಗಳು, ಸಿವಿಲ್ ಇಂಜಿನಿಯರಿಂಗ್ ಓದಿದವಳು. ಮದುವೆಯಾಗಿ ಒಂದು ವರ್ಷವಾಗಿತ್ತು. ಮಾವ ಸೊಸೆ ಎದುರುಬದುರು ಮಾತಾಡಬಾರದು ಎಂದು ಆ ಮನೆಯಲ್ಲಿ ಯಾರೂ ನಿಯಮ ಮಾಡಿರಲಿಲ್ಲ. ಆದರೆ ತೋಟಪ್ಪನ ಅವ್ವ ತನ್ನ ಮಾವನೊಡನೆ ಮಾತಾಡಿರಲಿಲ್ಲ, ಸಂಗಮ್ಮ ತನ್ನ ಮಾವನೊಡನೆ ಮಾತಾಡಿರಲಿಲ್ಲ. ಹಾಗಾಗಿ ಸೌಜನ್ಯಳೂ ಬಂದ ಮೊದಲ ದಿನ ತಲೆ ತಗ್ಗಿಸಿದವಳು ಎತ್ತಿರಲಿಲ್ಲ. ಮೂವರೂ ಒಂದೇ ಪಡಸಾಲೆಯಲ್ಲಿ ಇದ್ದಾಗಲೂ ಮಾತು ಸಂಗಮ್ಮನ ಮೂಲಕವೇ ಹೋಗಬೇಕು.

“ಅತ್ತೆ, ಮಾವನಿಗೆ ಟೀಗೆ ಸಕ್ಕರೆ ಸಾಕಾ ಕೇಳಿ.”

“ನಿನ್ ಸೊಸಿಗೆ ಹೇಳು, ಸಾಕು ಅಂತ.”

ಸಂಗಮ್ಮ ಒಂದು ದಿನ ಒಲೆ ಮುಂದಿನಿಂದ ಎದ್ದು ಬಂದು ಸೊಂಟದ ಮೇಲೆ ಕೈ ಇಟ್ಟಳು. “ನಾನೇನು ನಿಮ್ಮಿಬ್ಬರ ನಡುವಿನ ಬ್ರಿಜ್ಜೇನ್ರೀ? ದಿನಕ್ಕ ನೂರು ಸಲ ನನ್ನ ಮ್ಯಾಲಿಂದ ದಾಟ್ತೀರಿ!”

ಬ್ರಿಜ್ಜಿನ ಮಾತು ಸುಮ್ಮನೆ ಬಂದದ್ದಲ್ಲ. ಆ ವಾರ ಮನೆಯಲ್ಲಿ ಅದೇ ಗದ್ದಲ ನಡೆದಿತ್ತು. ಹೊಸಪೇಟೆಯ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಉಪನ್ಯಾಸಕಿಯ ಕೆಲಸ ಖಾಲಿ ಇತ್ತು. ಮುಂದಿನ ಸೋಮವಾರ ಹೋಗಿ, ಆಯ್ಕೆ ಮಾಡುವವರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಸೌಜನ್ಯಳಿಗೆ ಇದು ಮೂರನೆಯ ಕರೆ. ಹಿಂದಿನ ಎರಡು ಕಡೆ, “ತಿಳಿಸುತ್ತೇವೆ” ಅಂದವರು ಇನ್ನೂ ತಿಳಿಸಿರಲಿಲ್ಲ. “ಇದೂ ಆಗಲಿಲ್ಲ ಅಂದ್ರೆ ಸರ್ಟಿಫಿಕೇಟೆಲ್ಲ ಟ್ರಂಕಿಗೆ ಹಾಕಿ ಬೀಗ ಹಾಕ್ತೀನಿ ಅತ್ತೆ. ಇನ್ನೊಂದು ಸಲ ಅರ್ಜಿ ಬರೆಯೋ ಶಕ್ತಿ ಇಲ್ಲ” ಎಂದು ಅವಳು ಸಂಗಮ್ಮನಿಗೆ ಹೇಳಿದ್ದು ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದ ತೋಟಪ್ಪನಿಗೂ ಕೇಳಿಸಿತ್ತು. ವ್ಯಾಪಾರಿ ಕಣ್ಣು ಮುಚ್ಚಿದಾಗಲೇ ಹೆಚ್ಚು ಕೇಳಿಸಿಕೊಳ್ಳುವುದು.

ಅವಳ ಯೋಜನೆ ಇಷ್ಟು: ಐಸ್ ಕ್ಯಾಂಡಿಯ ಕಡ್ಡಿಗಳಿಂದ ಎರಡು ಅಡಿ ಉದ್ದದ ಸೇತುವೆ ಕಟ್ಟುವುದು, ಅದರ ಮೇಲೆ ಇಪ್ಪತ್ತೈದು ಕಿಲೋ ಅಕ್ಕಿಯ ಪಾಕೀಟು ಇಟ್ಟು, ಇಪ್ಪತ್ತು ಸೆಕೆಂಡ್ ಎಣಿಸಿ ತೋರಿಸುವುದು. ಪಾಠದ ಟಿಪ್ಪಣಿಯಲ್ಲಿ ಹಾಗೆಂದು ಬರೆದು ಕಳಿಸಿಯೂ ಆಗಿತ್ತು.

“ಐಸ್ ಕಡ್ಡಿ ಮ್ಯಾಲ ಪಾಕೀಟು!” ತೋಟಪ್ಪ ನಕ್ಕ. “ಸಂಗವ್ವ, ಆ ಹುಡುಗಿಗೆ ಹೇಳು. ನಮ್ಮ ಹೊಳಿ ಬ್ರಿಜ್ಜು ಕಲ್ಲು ಸಿಮೆಂಟಿಂದು. ಡ್ಯಾಮಿನವರು ನೀರು ಬಿಟ್ರ ಅದೇ ಮುಳುಗಿ ಕುಂದ್ರತೈತಿ.”

“ಅತ್ತೆ, ಅದು ಮುಳುಗುತ್ತೆ, ಮುರಿಯಲ್ಲ ಅಂತ ಹೇಳಿ.”

ತೋಟಪ್ಪ ಕಣ್ಣು ತೆರೆದ. ಉತ್ತರ ಅವನಿಗೆ ಹಿಡಿಸಿತು. ಹಿಡಿಸಿತು ಎಂದು ಹೇಳುವ ಪದ್ಧತಿ ಪೇಟೆಯಲ್ಲಿ ಇಲ್ಲ, ರೇಟು ಏರುತ್ತದೆ. ಅವನು ಹೇಳಿದ್ದು ಇಷ್ಟೇ: “ಕಡ್ಡಿ ನಾ ತರಸ್ತೀನಿ. ಮಾಲು ಆರಸೋದು ಆಕಿಗೆ ತಿಳಿಯಂಗಿಲ್ಲ.”

ಬಸ್ ಸ್ಟ್ಯಾಂಡಿನ ಬಳಿ ಐಸ್ ಕ್ಯಾಂಡಿ ಮಾಡುವ ಪಕೀರಮ್ಮ ಮಾರನೆಯ ದಿನ ಕಡ್ಡಿಗಳ ಡಬ್ಬ ಹೊತ್ತು ಮನೆಗೇ ಬಂದಳು.

“ಸಾಹುಕಾರ್ರೇ, ಐಸ್ ಬಿಟ್ಟು ಬರೇ ಕಡ್ಡಿ ಕೇಳಿದ ಮೊದಲನೇ ಗಿರಾಕಿ ನೀವ ನೋಡ್ರಿ.”

“ಐಸ್ ಕರಗತೈತಿ ಪಕೀರವ್ವ. ನಾ ಯಾವಾಗಲೂ ಉಳಿಯೋ ಮಾಲು ತಗೊಳ್ಳಾಂವ. ಕೊಸರು ಎಲ್ಲಿ?”

ಪಕೀರಮ್ಮ ನಗುತ್ತ ಸೆರಗಿನ ಮರೆಯಿಂದ ಒಂದು ಆರೆಂಜ್ ಕ್ಯಾಂಡಿ ತೆಗೆದು ಕೊಟ್ಟಳು. ತಾನು ಕೊಸರು ಕೊಡುವವನಷ್ಟೇ ಅಲ್ಲ, ಇಸಿದುಕೊಳ್ಳುವವನೂ ಹೌದು ಎಂದು ತೋಟಪ್ಪ ಅದನ್ನು ಪೂರ್ತಿ ಚೀಪಿದ. ಆಮೇಲೆ ಅದರ ಕಡ್ಡಿಯನ್ನೂ ತೊಳೆದು ರಾಶಿಗೆ ಹಾಕಿದ.

ಆರಿಸುವ ಕೆಲಸ ಶುರುವಾಯಿತು. ಪಡಸಾಲೆಯಲ್ಲಿ ಬಿಳಿ ಪಂಚೆ ಹಾಸಿ, ಕಾಲು ಚಾಚಿ ಕೂತು, ತೋಟಪ್ಪ ಒಂದೊಂದು ಕಡ್ಡಿಯನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. ಬೆರಳ ಮೇಲೆ ಆಡಿಸಿದ. ತುದಿಯನ್ನು ಉಗುರಿನಿಂದ ತಟ್ಟಿ ಸದ್ದು ಕೇಳಿದ. ಮೂರು ರಾಶಿಗಳಾದವು. ನೆಟ್ಟಗೆ ಗಟ್ಟಿಯಾಗಿದ್ದವು ಅಕ್ಕಿ, ಸ್ವಲ್ಪ ಬಾಗಿದವು ನುಚ್ಚು, ಎಳೆ ಬಿಟ್ಟವು ತೌಡು. ಸೌಜನ್ಯ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಮೆಲ್ಲಗೆ ಬಂದು ತೌಡಿನ ರಾಶಿಯಿಂದ ಒಂದನ್ನು, ಅಕ್ಕಿಯ ರಾಶಿಯಿಂದ ಒಂದನ್ನು ಒಯ್ದಳು. ಒಳಗಿನಿಂದ ಎರಡು ಸಲ ಚಟ್ ಎಂದು ಕೇಳಿಸಿತು. ಮೊದಲನೆಯದು ಬೇಗ, ಎರಡನೆಯದು ತಡವಾಗಿ.

“ಅತ್ತೆ, ಮಾವ ಆರಿಸಿದ್ದು ಸರಿಯಾಗಿದೆ.”

“ಸರಿಯಾಗೈತಂತ ಈಕಿ ಹೇಳಬೇಕೇನು?” ಅಂದ ತೋಟಪ್ಪ. ಆದರೆ ಅಂದು ರೊಟ್ಟಿಗೆ ಉಪ್ಪು ಕಮ್ಮಿ ಅಂತ ಹೇಳುವುದನ್ನು ಮರೆತ.

ಇಪ್ಪತ್ತಿಪ್ಪತ್ತು ಕಡ್ಡಿಗಳ ಹನ್ನೆರಡು ಕಟ್ಟು ಬೇಕು ಎಂದಳು ಸೌಜನ್ಯ. ಒಂದೊಂದು ಕಟ್ಟು ಸೇತುವೆಯ ಒಂದೊಂದು ಭಾಗಕ್ಕೆ. ತೋಟಪ್ಪ ಎಣಿಸತೊಡಗಿದ. ಮೊದಲ ಕಡ್ಡಿಯನ್ನು ಕಣ್ಣಿಗೆ ಒತ್ತಿಕೊಂಡು, “ಲಾಭ” ಎಂದು ಪಕ್ಕಕ್ಕಿಟ್ಟ. “ಎರಡು, ಮೂರು, ನಾಕು...” ಎಂದು ಉಳಿದವನ್ನು ಸೇರಿಸಿ, ಇಪ್ಪತ್ತಕ್ಕೆ ನಿಲ್ಲಿಸಿ, ಆ ಮೊದಲನೆಯದನ್ನು ಮೇಲೆ ಅಡ್ಡಲಾಗಿ ಇಟ್ಟು ಸುತಲಿ ಬಿಗಿದ. ಹೀಗೆ ಹನ್ನೆರಡು ಸಲ. ಸೌಜನ್ಯ ಒಳಗೆ ಬಾಗಿಲ ಕಡೆ ಮುಖ ಮಾಡಿ ಮಿಕ್ಸಿ ತಿರುಗಿಸುತ್ತಿದ್ದಳು. ಅವಳಿಗೆ ಕೇಳಿಸಿದ್ದು ಪ್ರತಿಸಲ ಆರಂಭದ “ಲಾಭ” ಮತ್ತು ಕೊನೆಯ “ಇಪ್ಪತ್ತು.”

ಮೂರು ದಿನ ಕಟ್ಟುವ ಕೆಲಸ ನಡೆಯಿತು. ಫೆವಿಕಾಲ್ ಹಚ್ಚಿದ ಕಡ್ಡಿಗಳು ಒಣಗುವ ತನಕ ಒತ್ತಿ ಹಿಡಿಯಲು ಮನೆಯ ಬಟ್ಟೆ ಕ್ಲಿಪ್ಪುಗಳೆಲ್ಲ ಸೇತುವೆಗೆ ಹೋದವು. ಕ್ಲಿಪ್ಪಿಲ್ಲದೆ ಒಣಗಹಾಕಿದ ತೋಟಪ್ಪನ ಪಂಚೆ ಗಾಳಿಗೆ ಹಾರಿ ಪಕ್ಕದ ಮನೆ ಭರಮಮ್ಮನ ನುಗ್ಗೆ ಮರ ಏರಿತು. “ಸಾಹುಕಾರ್ರ ಬಾವುಟ ಹಾರೈತಿ, ಯಾವ ಪಾರ್ಟಿರೀ?” ಎಂದು ಆಕೆ ಕಾಂಪೌಂಡಿನ ಮೇಲಿಂದ ಕೇಳಿದಳು.

ತೋಟಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ನೋಡಿ ನೋಡಿ ಬಾಯಿ ತುರಿಸಿತು. “ಸಂಗವ್ವ, ಕೇಳು. ಭಾರ ಬಿದ್ದರ ಎಲ್ಲಿ ಬೀಳತೈತಂತ?”

“ಮೇಲಿನ ತೊಲೆಗೆ ಒತ್ತಡ, ಕೆಳಗಿನ ತೊಲೆಗೆ ಎಳೆತ ಅಂತ ಹೇಳಿ ಅತ್ತೆ.”

ತೋಟಪ್ಪ ಅದನ್ನು ತನ್ನ ಭಾಷೆಗೆ ತಿರುಗಿಸಿಕೊಂಡ. “ಅಂದ್ರ ಮ್ಯಾಲಿನಾಂವ ಹೊರಾಂವ, ಕೆಳಗಿನಾಂವ ಕೈಕೈ ಹಿಡ್ಕೊಂಡು ಬಿಡದಂಗ ನಿಂತಾಂವ. ಕೆಳಗಿನಾಂವ ಕೈ ಬಿಟ್ಟ ಅಂದ್ರ ಮುಗೀತು.”

ಸೌಜನ್ಯಳ ಕೈಯಲ್ಲಿದ್ದ ಬ್ರಷ್ ನಿಂತಿತು. ಅವಳು ಪುಸ್ತಕ ತೆಗೆದು ಏನೋ ಬರೆದುಕೊಂಡಳು.

ಶುಕ್ರವಾರ ಮುಂಜಾನೆ ಪರೀಕ್ಷೆ. ಎರಡು ಸ್ಟೂಲಿನ ನಡುವೆ ಸೇತುವೆ ಇಟ್ಟು, ನಡುಮಧ್ಯಕ್ಕೆ ಹಗ್ಗ ಹಾಕಿ, ಕೆಳಗೆ ಬಕೆಟ್ಟು ತೂಗು ಹಾಕಿದರು. ಅಳತೆ ತೋಟಪ್ಪನದು. ಹಳೆಯ ಕಬ್ಬಿಣದ ಸೇರು ತರಿಸಿದ. ಅದು ತುಂಬಿದರೆ ಸುಮಾರು ಒಂದು ಕಿಲೋ ಅಕ್ಕಿ. ಇಪ್ಪತ್ತೈದು ಸೇರು ತಡೆದರೆ ಗೆದ್ದಂತೆ.

“ಲಾಭ” ಎಂದು ಮೊದಲ ಸೇರು ಸುರಿದ. ಸೌಜನ್ಯ ಭಕ್ತಿಯಿಂದ ಕೈ ಮುಗಿದಳು. ಯಾಕೆ ಮುಗಿದಳೋ ತೋಟಪ್ಪನಿಗೆ ತಿಳಿಯಲಿಲ್ಲ. ತಿಪಟೂರಿನವರು ಒಳ್ಳೆಯ ಸಂಸ್ಕಾರದವರು ಎಂದುಕೊಂಡ. ಎರಡು, ಮೂರು. ಹತ್ತರ ತನಕ ಸೇತುವೆ ಅಲುಗಲಿಲ್ಲ. ಹನ್ನೆರಡಕ್ಕೆ ಒಂದು ಪಕ್ಕೆ ಮೆಲ್ಲಗೆ ಮುಲುಗಿತು. ಹದಿನಾಲ್ಕನೆಯ ಸೇರು ಅರ್ಧ ಸುರಿದಿತ್ತು. ಚಟಚಟ ಎಂದು ಬಕೆಟ್ಟು ನೆಲಕ್ಕೆ ಬಿತ್ತು. ಪಡಸಾಲೆ ತುಂಬ ಸೋನಾ ಮಸೂರಿ.

“ಅಯ್ಯ ಶಿವನೇ!” ಸಂಗಮ್ಮ ಪೊರಕೆ ಹಿಡಿದು ಓಡಿ ಬಂದಳು.

ಸೌಜನ್ಯ ಅಳಲಿಲ್ಲ. ಮುರಿದ ಪಕ್ಕೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು, ಅಷ್ಟೇ. ಅದನ್ನು ನೋಡಲಾರದೆ ತೋಟಪ್ಪ ಬಗ್ಗಿ ಇನ್ನೊಂದು ತುಂಡು ಎತ್ತಿಕೊಂಡ. ಕೆಳಗಿನ ತೊಲೆ ಮೂರು ಪದರಿನದು. ಹೊರಗಿನ ಎರಡು ಪದರು ಸರಿಯಾಗಿದ್ದವು. ನಡುವಿನ ಪದರಿನಲ್ಲಿ, ಸರಿಯಾಗಿ ಮುರಿದ ಜಾಗದಲ್ಲಿ, ಹಲ್ಲು ಉದುರಿದಂತೆ ಒಂದು ಸಂದು.

“ಇಲ್ಲಿ ಕಡ್ಡಿನೇ ಇಲ್ಲಲ್ಲ. ಕೇಳು ಸಂಗವ್ವ, ಯಾಕ ಇಲ್ಲ?”

“ಕಡ್ಡಿ ಸಾಲಲಿಲ್ಲ ಅತ್ತೆ. ಪ್ರತಿ ಭಾಗಕ್ಕೂ ಒಂದೊಂದು ಕಮ್ಮಿ ಬಿತ್ತು. ನಾನೇ ನಕ್ಷೆ ತಪ್ಪು ಹಾಕಿದ್ದೀನಿ ಅಂದ್ಕೊಂಡು ಒಳಗಿನ ಪದರದಲ್ಲಿ ಜಾಗ ಬಿಟ್ಟೆ.”

“ಕಮ್ಮಿ ಬೀಳಾಕ ಸಾಧ್ಯನೇ ಇಲ್ಲ. ಎಣಿಸಿ ಕೊಟ್ಟೀನಿ. ಇಪ್ಪತ್ತು ಅಂದ್ರ ಇಪ್ಪತ್ತು.”

“ಈ ಮುರಿದ ಪಕ್ಕೆಯಲ್ಲಿ ಈಗ ಎಣಿಸಿದೆ, ಹತ್ತೊಂಬತ್ತೇ ಇದೆ ಅತ್ತೆ.”

“ಇಪ್ಪತ್ತು!”

“ಹತ್ತೊಂಬತ್ತು.”

ಸಂಗಮ್ಮ ಪೊರಕೆ ಕೆಳಗೆ ಹಾಕಿದಳು. “ನಾ ಅಕ್ಕಿ ಬಳೀಲೋ, ನಿಮ್ಮ ಮಾತು ಸಾಗಸಲೋ? ಎದುರಿಗೆ ಕುಂತೀರಿ. ಬಾಯಿ ಇಲ್ಲೇನು ಇಬ್ಬರಿಗೂ?”

ಎಣಿಕೆಯ ಮಾತು ಬಂದಾಗ ತೋಟಪ್ಪನಿಗೆ ಪದ್ಧತಿ ನೆನಪಿರಲಿಲ್ಲ. ಸೊಸೆಯ ಕಡೆಗೇ ತಿರುಗಿದ. “ಐವತ್ತು ವರ್ಷದಿಂದ ಎಣಿಸಾಕತ್ತೀನವ್ವ ನಾನು. ಕಣ್ಣು ಮುಚ್ಚಿದ್ರೂ ತಪ್ಪಂಗಿಲ್ಲ. ಎಲ್ಲಿಂದ ಬಂತು ನಿನ್ನ ಹತ್ತೊಂಬತ್ತು?”

“ದೇವರ ಕಡ್ಡಿ ಬಿಟ್ಟು ಹತ್ತೊಂಬತ್ತು ಮಾವ.”

“ಯಾವ ದೇವರ ಕಡ್ಡಿ?”

ಸೌಜನ್ಯ ಎದ್ದು ದೇವರ ಜಗುಲಿಗೆ ಹೋದಳು. ಬಂದಾಗ ಅವಳ ಅಂಗೈಯಲ್ಲಿ ಹನ್ನೆರಡು ಐಸ್ ಕಡ್ಡಿಗಳಿದ್ದವು. ಒಂದೊಂದರ ತುದಿಗೂ ವಿಭೂತಿ, ಕುಂಕುಮ. ಮೇಲೊಂದು ಬಾಡಿದ ದಾಸವಾಳ.

“ನೀವು ಪ್ರತಿ ಕಟ್ಟಿನಲ್ಲೂ ಮೊದಲನೇದನ್ನ ಕಣ್ಣಿಗೊತ್ತಿಕೊಂಡು ಲಾಭ ಅಂತ ಬೇರೆ ಇಟ್ರಲ್ಲ ಮಾವ. ಅದು ದೇವರಿಗೆ ಅಂತ ತೆಗೆದಿಟ್ಟಿದ್ದು, ಮಿಕ್ಕಿದ್ದು ಇಪ್ಪತ್ತು ಅಂದ್ಕೊಂಡೆ. ಅದನ್ನ ಬಳಸಬಾರದು ಅಂತ ಜಗುಲಿ ಮೇಲಿಟ್ಟೆ.”

ಸಂಗಮ್ಮ ಗಲ್ಲಕ್ಕೆ ಕೈ ಇಟ್ಟಳು. “ಅಯ್ಯ! ನಾ ಅದು ತಿಪಟೂರಿನ ಕಡೆ ಏನೋ ನೇಮ ಇರಬೇಕು ಅಂತ ಮೂರು ದಿನದಿಂದ ಊದಿನಕಡ್ಡಿ ಬೆಳಗಾಕತ್ತೀನಿ. ಐಸ್ ಕಡ್ಡಿಗೆ!”

“ಲಾಭ ಅಂದ್ರ ಒಂದವ್ವ,” ಅಂದ ತೋಟಪ್ಪ. ಅವನ ದನಿ ಬಿದ್ದುಹೋಗಿತ್ತು. “ನಮ್ಮ ಪ್ಯಾಟಿಯೊಳಗ ಅಳಿಯೋವಾಗ ಒಂದು ಅನ್ನಂಗಿಲ್ಲ, ಲಾಭ ಅಂತೀವಿ. ಶುರು ಚಲೋ ಆಗಲಿ ಅಂತ. ಏಳಕ್ಕೂ ಏಳು ಅನ್ನಂಗಿಲ್ಲ, ಮತ್ತೊಂದು ಅಂತೀವಿ. ತೆಲುಗಿನವರ ಬಾಯಾಗ ಏಳಕ್ಕ ಏಡು, ಏಡು ಅಂದ್ರ ಅಳು ಅಂತಾನೂ ಆಗತೈತಿ. ಮಾಲು ಅಳಿಯೋವಾಗ ಅಳು ಯಾಕ ಅಂತ.”

“ನಿಮ್ಮ ಎಣಿಕೆ ತಪ್ಪಲ್ಲ ಅಂತ ಅತ್ತೆ ಹೇಳಿದ್ರು. ಅದಕ್ಕೇ ಕಟ್ಟುವಾಗ ನಾನು ಮತ್ತೆ ಎಣಿಸಲಿಲ್ಲ, ನನ್ನ ನಕ್ಷೇನೇ ಅನುಮಾನಿಸಿದೆ.”

ಈ ಮಾತು ತೋಟಪ್ಪನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಐವತ್ತು ವರ್ಷದಲ್ಲಿ ಗಿರಾಕಿಗಳು ಅವನ ಮೇಲೆ ಪ್ರೀತಿ ಇಟ್ಟಿದ್ದರು, ಸಲಿಗೆ ಇಟ್ಟಿದ್ದರು. ತೂಕದ ವಿಷಯದಲ್ಲಿ ಇಷ್ಟು ನಂಬಿಕೆ ಯಾರೂ ಇಟ್ಟಿರಲಿಲ್ಲ. ಅಂದು ಮಧ್ಯಾಹ್ನ ಅವನು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಅವನ ಮಟ್ಟಿಗೆ ಅದು ಉಪವಾಸ.

ಊಟ ಮುಗಿದ ಮೇಲೆ ಪಂಚೆ ಹಾಸಿ ಮತ್ತೆ ಕೂತ. “ಬಾರವ್ವ ಸೌಜನ್ಯ, ಕುಂದರು. ನಾ ಕಡ್ಡಿ ಕೊಡ್ತೀನಿ, ನೀ ಹಚ್ಚು.”

ಒಂದು ವರ್ಷದಲ್ಲಿ ಮಾವನ ಬಾಯಲ್ಲಿ ತನ್ನ ಹೆಸರು ಬಂದದ್ದು ಅದೇ ಮೊದಲು. ಅವಳು ಕುಳಿತಳು. ಉಳಿದಿದ್ದದ್ದು ಎರಡೂವರೆ ದಿನ. ಕೆಳಗಿನ ತೊಲೆಗೆ ಅಕ್ಕಿ ರಾಶಿಯಲ್ಲೂ ಅಕ್ಕಿ ಅನ್ನುವಂಥವನ್ನು ತೋಟಪ್ಪ ಆರಿಸಿಕೊಟ್ಟ. ಕುಂಕುಮದ ಹನ್ನೆರಡು ಕಡ್ಡಿಗಳನ್ನು ಮೊದಲು ಸಂದು ಬಿಟ್ಟಿದ್ದ ಜಾಗಗಳಿಗೆ, ನಡುವಿನ ಪದರಿಗೇ, ಹಾಕಿಸಿದ. “ಮೂರು ದಿನ ಊದಿನಕಡ್ಡಿ ಹೊಗಿ ಕುಡದಾವ. ಸುಮ್ನ ಇರಬಾರದು, ದುಡೀಲಿ.” ಬಿಸಿಲು ಬಿದ್ದ ಕಡೆಗೆಲ್ಲ ಸೇತುವೆಯನ್ನು ಸರಿಸುತ್ತ, ಕೂಸಿಗೆ ಬಿಸಿಲು ಕಾಯಿಸಿದ ಹಾಗೆ ಅಂಗಳದಲ್ಲಿ ಕೂತ.

ಭಾನುವಾರ ಸಂಜೆ ಅದು ಮುಗಿಯಿತು. ಮತ್ತೆ ಬಕೆಟ್ಟು ತೂಗಿ ನೋಡೋಣವೇ ಎಂದ ಮನೋಹರ.

“ಬೇಡ,” ಅಂದಳು ಸೌಜನ್ಯ. “ಒಳಗೆ ಇನ್ನೂ ಪೂರ್ತಿ ಒಣಗಿಲ್ಲ. ಈಗ ಭಾರ ಹಾಕಿದ್ರೆ ನಾಳೆಗೆ ಉಳಿಯಲ್ಲ.”

“ಹಂಗಾದ್ರ ತಡೀತೈತೋ ಇಲ್ಲೋ ಹೆಂಗ ಗೊತ್ತು?”

ಸೌಜನ್ಯ ಸೇತುವೆಯನ್ನು ಎತ್ತಿ ಒಳಗೆ ಫ್ಯಾನಿನ ಕೆಳಗೆ ಇಟ್ಟಳು.

ಸೋಮವಾರ ಮುಂಜಾನೆ ಮನೋಹರ ಅಂಗಡಿಯಿಂದ ಒಂದು ಪಾಕೀಟು ತಂದು ಕಾರಿನ ಡಿಕ್ಕಿಗೆ ಹಾಕಿದ. ಅದರ ಮೇಲೆ ತೋಟಪ್ಪನ ಹೆಸರು, ಕೆಳಗೆ ದಪ್ಪ ಅಕ್ಷರದಲ್ಲಿ ‘ನಿವ್ವಳ ತೂಕ 25 ಕಿಲೋ’. ತೋಟಪ್ಪ ಅದನ್ನು ಒಂದು ಗಳಿಗೆ ನೋಡುತ್ತ ನಿಂತ. ಆಮೇಲೆ ಕುಂಟುತ್ತ ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬಿಗೆ ಕೈ ಹಾಕಿದ. ಸಂಗಮ್ಮನಿಗೆ ಕೇಳಿಸಿದ್ದು ಇಷ್ಟು: “ಲಾಭ, ಎರಡು, ಮೂರು, ನಾಕು, ಐದು, ಆರು.” ಹೊರಗೆ ಬಂದಾಗ ಜುಬ್ಬಾದ ಜೇಬು ಉಬ್ಬಿತ್ತು.

“ನಾನೂ ಬರ್ತೀನಿ,” ಅಂದ.

“ಡಾಕ್ಟರು ಮೆಟ್ಟಿಲು ಹತ್ತಬ್ಯಾಡ ಅಂದಾರ!” ಎಂದಳು ಸಂಗಮ್ಮ.

“ಅಂಗಡಿ ಮೆಟ್ಟಿಲು ಹತ್ತಬ್ಯಾಡ ಅಂದಾರ. ಪಾಲಿಟೆಕ್ನಿಕ್ ಮೆಟ್ಟಿಲಿನ ಸುದ್ದಿ ತೆಗದಿಲ್ಲ.”

ಕಂಪ್ಲಿಯಿಂದ ಹೊಸಪೇಟೆಯ ತನಕ ಸೇತುವೆ ತೋಟಪ್ಪನ ತೊಡೆಯ ಮೇಲಿತ್ತು. ರಾಮಸಾಗರ, ಬುಕ್ಕಸಾಗರ ದಾಟಿ ಕಮಲಾಪುರ ಬರುವ ತನಕ ರಸ್ತೆಯ ಪ್ರತಿ ಉಬ್ಬಿಗೂ, “ಮೆಲ್ಲಕ, ಮೆಲ್ಲಕ” ಎಂದು ಮಗನಿಗೆ ಹೇಳಿದ. ಆಪರೇಷನ್ ಆದ ದಿನ ಇದೇ ದಾರಿಯಲ್ಲಿ ಬರುವಾಗ ತನ್ನ ಮೊಣಕಾಲಿಗೂ ಅವನು ಅಷ್ಟು ಜೋಪಾನ ಮಾಡಿರಲಿಲ್ಲ.

ಪಾಠದ ಕೋಣೆಯಲ್ಲಿ ಆಯ್ಕೆಯ ಮೂವರು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಹಿಂದೆ ಇಪ್ಪತ್ತು ಮೂವತ್ತು ವಿದ್ಯಾರ್ಥಿಗಳು. ಪಾಕೀಟು ತಂದವರು ಎಂಬ ನೆಪದಲ್ಲಿ ತೋಟಪ್ಪನಿಗೂ ಮನೋಹರನಿಗೂ ಕೊನೆಯ ಬೆಂಚು ಸಿಕ್ಕಿತು. ಸೌಜನ್ಯ ಒತ್ತಡ, ಎಳೆತ ಎಂದು ಬೋರ್ಡಿನ ಮೇಲೆ ಬರೆದಳು. ವಿದ್ಯಾರ್ಥಿಗಳ ಕಣ್ಣು ಕಿಟಕಿಯ ಕಡೆ ಹೊರಟಿತ್ತು. ಅವಳು ಸೀಮೆಸುಣ್ಣ ಕೆಳಗಿಟ್ಟಳು.

“ಅಕ್ಕಿ ಪೇಟೆಯ ಭಾಷೆಯಲ್ಲಿ ಹೇಳ್ತೀನಿ. ಮೇಲಿನವನು ಹೊರುವವನು. ಕೆಳಗಿನವನು ಕೈಕೈ ಹಿಡಿದು ಬಿಡದೆ ನಿಂತವನು. ಕೆಳಗಿನವನು ಕೈ ಬಿಟ್ಟರೆ ಸೇತುವೆ ಮುಗೀತು.”

ಕಣ್ಣುಗಳು ಕಿಟಕಿಯಿಂದ ವಾಪಸು ಬಂದವು. ತೋಟಪ್ಪ ಮಗನ ಪಕ್ಕೆ ತಿವಿದ. “ಅದು ನಂದು.”

ಎರಡು ಮೇಜಿನ ನಡುವೆ ಸೇತುವೆ ಏರಿತು. ಮನೋಹರ ಪಾಕೀಟು ಎತ್ತಿ ತರುವಷ್ಟರಲ್ಲಿ, ಮೂವರಲ್ಲಿ ಹಿರಿಯರಾದ, ದಪ್ಪ ಕನ್ನಡಕದವರು ಕೈ ಎತ್ತಿದರು. “ಒಂದು ನಿಮಿಷ ಮೇಡಂ. ಪಾಕೀಟಿನ ಮೇಲೆ ಎಲ್ಲರೂ ಇಪ್ಪತ್ತೈದು ಅಂತಲೇ ಬರೆದಿರ್ತಾರೆ. ಮೊದಲು ತೂಗೋಣ.”

ಪಕ್ಕದ ಲ್ಯಾಬಿನಿಂದ ತಕ್ಕಡಿ ಬಂತು. ಪಾಕೀಟು ಇಟ್ಟರು. ಕೆಂಪು ಅಂಕಿಗಳು ಸ್ವಲ್ಪ ಓಲಾಡಿ ನಿಂತವು: ಇಪ್ಪತ್ನಾಲ್ಕು ಕಿಲೋ ಏಳುನೂರು ಗ್ರಾಂ.

“ಇದು ಇಪ್ಪತ್ತೈದಲ್ಲ ಮೇಡಂ. ನೀವು ಬರೆದು ಕೊಟ್ಟಿರೋದು ಇಪ್ಪತ್ತೈದು.” ಅವರು ಬಗ್ಗಿ ಪಾಕೀಟಿನ ಮೇಲಿನ ಹೆಸರು ಓದತೊಡಗಿದರು. “ಯಾರ ಅಂಗಡಿದು ಇದು?”

ಸೌಜನ್ಯಳ ಮುಖ ಬಿಳಿಚಿತು. ಅವಳು ಕೊನೆಯ ಬೆಂಚಿನ ಕಡೆ ನೋಡಲಿಲ್ಲ. ನೋಡಿದ್ದರೆ ಹೆಸರು ಸಿಕ್ಕಿಬಿಡುತ್ತಿತ್ತು. ಮನೋಹರ ನೆಲ ನೋಡಿದ. ಪೇಟೆಯ ಐವತ್ತು ವರ್ಷದ ಮಾತು ಆ ಕೆಂಪು ಅಂಕಿಯ ಮೇಲೆ ಬಂದು ಕೂತಿತ್ತು.

ತೋಟಪ್ಪ ಬೆಂಚು ಹಿಡಿದು ಎದ್ದ. “ನಂದೇರಿ.” ಒಂದೊಂದೇ ಹೆಜ್ಜೆ ಇಡುತ್ತ ಮುಂದೆ ಬಂದ. ಜುಬ್ಬಾದ ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು ಪಾಕೀಟಿನ ಮೇಲಿಟ್ಟ. “ಕೊಸರು ಹಾಕೋದು ಮರ್ತಿದ್ದೆ.”

ಅಂಕಿಗಳು ಮತ್ತೆ ಓಲಾಡಿದವು. ಇಪ್ಪತ್ತೈದು ಕಿಲೋ. ಮುಂದೆ ಮೂರು ಸೊನ್ನೆ.

ಕನ್ನಡಕದವರು ತಕ್ಕಡಿಯನ್ನು ನೋಡಿದರು, ಕವರನ್ನು ನೋಡಿದರು, ತೋಟಪ್ಪನನ್ನು ನೋಡಿದರು. “ಎಷ್ಟು ಕಮ್ಮಿ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಯಜಮಾನ್ರೇ?”

“ಅಕ್ಕಿ ಉಸಿರಾಡ್ತೈತ್ರಿ,” ಅಂದ ತೋಟಪ್ಪ, ಫ್ಯಾನಿನ ಕಡೆ ನೋಡುತ್ತ.

ಪಾಕೀಟನ್ನೂ ಅದರ ಮೇಲಿನ ಕವರನ್ನೂ ಮನೋಹರ ಮೆಲ್ಲಗೆ ಸೇತುವೆಯ ಮೇಲಿಟ್ಟು ಕೈ ಬಿಟ್ಟ. ಎಲ್ಲೋ ಒಳಗಿನಿಂದ ಒಂದು ಸಣ್ಣ ಸದ್ದು ಬಂತು. ಸೌಜನ್ಯ ಕೈಗಡಿಯಾರ ನೋಡುತ್ತ ಎಣಿಸತೊಡಗಿದಳು.

“ಲಾಭ.”

ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು. ಅವಳಿಗೆ ತಾನು ಅಂದದ್ದು ತಿಳಿಯಿತೋ ಇಲ್ಲವೋ, ನಿಲ್ಲಿಸಲಿಲ್ಲ.

“ಎರಡು. ಮೂರು. ನಾಲ್ಕು. ಐದು. ಆರು. ಮತ್ತೊಂದು. ಎಂಟು.”

ತೋಟಪ್ಪನ ತುಟಿಯೂ ಜೊತೆಗೆ ಅಲುಗುತ್ತಿತ್ತು. ಹದಿನಾಲ್ಕಕ್ಕೆ ಅವನು ಕಣ್ಣು ಮುಚ್ಚಿಕೊಂಡ. ಹದಿನೈದಕ್ಕೆ ತೆರೆದ. ಕೆಳಗಿನ ತೊಲೆ ಸ್ವಲ್ಪ ಬಾಗಿತ್ತು, ಮೂಟೆ ಹೊತ್ತ ಹಮಾಲನ ಬೆನ್ನಿನ ಹಾಗೆ. ಆದರೆ ಕೈ ಬಿಟ್ಟಿರಲಿಲ್ಲ. ಇಪ್ಪತ್ತು ಆದಾಗ ಹಿಂದಿನ ಬೆಂಚುಗಳಿಂದ ಚಪ್ಪಾಳೆ ಬಿತ್ತು. ಮನೋಹರ ಪಾಕೀಟು ಎತ್ತಿದ. ಸೇತುವೆ ತನ್ನಷ್ಟಕ್ಕೆ ತಾನು ನೆಟ್ಟಗಾಯಿತು.

“ಲಾಭ ಅಂದ್ರೆ ಯಾವ ಸಂಖ್ಯೆ ಮೇಡಂ?” ಕೇಳಿದರು ಕನ್ನಡಕದವರು.

“ಒಂದು ಸರ್. ಅದನ್ನ ಲೆಕ್ಕಕ್ಕೆ ತಗೊಳ್ಳದೆ ನನ್ನ ಮೊದಲನೇ ಸೇತುವೆ ಬಿತ್ತು.” ಮತ್ತೆ ಅವಳು ಇಡೀ ಕಥೆ ಹೇಳಿದಳು, ಜಗುಲಿ, ಕುಂಕುಮ, ಅತ್ತೆಯ ಊದಿನಕಡ್ಡಿ ಒಂದನ್ನೂ ಬಿಡದೆ. ಕನ್ನಡಕದವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. “ತಿಳಿಸುತ್ತೇವೆ” ಎಂದು ಅವರು ಅನ್ನಲಿಲ್ಲ. “ಒಂದನೇ ತಾರೀಖಿಗೆ ಬನ್ನಿ. ಈ ಸೇತುವೆ ಇಲ್ಲೇ ಇರಲಿ, ಲ್ಯಾಬಿಗೆ” ಎಂದರು.

ವಾಪಸು ಬರುವಾಗ ತೋಟಪ್ಪನ ತೊಡೆ ಖಾಲಿ ಇತ್ತು. ಕಮಲಾಪುರ ದಾಟಿದ ಮೇಲೆ ಅವನು ಮಗನ ಕಡೆ ತಿರುಗಿದ.

“ಮನೋಹರ, ನಾಳಿಂದ ಪಾಕೀಟು ಇಪ್ಪತ್ತೈದಕ್ಕೇ ತುಂಬಸು.”

“ಯಾಕಪ್ಪ? ಅಕ್ಕಿ ಉಸಿರಾಡಂಗಿಲ್ಲೇನು ಇನ್ನ?”

“ಬಾಯಿ ಮುಚ್ಚಲೇ. ಮನ್ಯಾಗ ತೂಗಿ ನೋಡೋರು ಬಂದಾರ.”

ಹಿಂದಿನ ಸೀಟಿನಲ್ಲಿ ಸೌಜನ್ಯ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು.

ಮೂರು ತಿಂಗಳು ತುಂಬಿ ಡಾಕ್ಟರು ಒಪ್ಪಿದ ಮೇಲೆ ತೋಟಪ್ಪ ಐದು ಮೆಟ್ಟಿಲು ಹತ್ತಿ ಮತ್ತೆ ಅಂಗಡಿಯಲ್ಲಿ ಕೂತ. ಪಾಕೀಟು ಈಗ ಪೂರ್ತಿ ತೂಕದ್ದು. ಪೂರ್ತಿ ತೂಕ ಕೊಟ್ಟ ಮೇಲೆ ಕೊಸರು ಯಾಕೆ ಎಂದು ಅದನ್ನು ನಿಲ್ಲಿಸಿದ. ಎಂಟೇ ದಿನಕ್ಕೆ ಪೇಟೆಯಲ್ಲಿ ಹೊಸ ಮಾತು ಹುಟ್ಟಿತು: “ಆಪರೇಷನ್ ಆದ ಮ್ಯಾಲ ಸಾಹುಕಾರ ಮೊದಲಿನಂಗಿಲ್ಲ ಬಿಡ್ರಿ. ಒಂದು ಹಿಡಿ ಕೊಸರು ಕೊಡಾಕ ಕೈ ಬರವಲ್ದು. ಭಾಳ ಜಿಪುಣ ಆಗ್ಯಾನ.”

ಅಂದು ಸಂಜೆ ಟೀ ಕುಡಿಯುತ್ತ ತೋಟಪ್ಪ ಇದನ್ನು ಸೊಸೆಯ ಮುಂದೆ ತೋಡಿಕೊಂಡ. “ಮುನ್ನೂರು ಗ್ರಾಂ ಹೆಚ್ಚಿಗಿ ಕೊಟ್ಟು ಜಿಪುಣ ಅನ್ನಿಸಿಕೊಂಡಾಂವ ಈ ಜಿಲ್ಲಾದೊಳಗ ನಾನೊಬ್ಬನ ಇರಬೇಕವ್ವ.”

“ಹಾಗಾದ್ರೆ ತೂಕಾನೂ ಪೂರ್ತಿ ಕೊಡಿ, ಕೊಸರೂ ಕೊಡಿ ಮಾವ.”

ತೋಟಪ್ಪ ಟೀ ಕಪ್ಪು ಕೆಳಗಿಟ್ಟು ಅವಳನ್ನು ದಿಟ್ಟಿಸಿದ. “ಯವ್ವಾ ಸೌಜನ್ಯ, ನೀ ಬ್ರಿಜ್ಜು ಕಟ್ಟು. ಅಂಗಡಿ ನಾ ನಡಸ್ತೀನಿ.”

ಮಾರನೆಯ ದಿನ ಮೊದಲ ಗಿರಾಕಿಯ ಪಾಕೀಟು ಗಾಡಿ ಏರುತ್ತಲೇ ಅವನು ಎದ್ದು ಬಂದು ತೆರೆದ ಚೀಲಕ್ಕೆ ಕೈ ಹಾಕಿದ. ಹಿಡಿ ಮಾತ್ರ ಮೊದಲಿಗಿಂತ ಸ್ವಲ್ಪ ಸಣ್ಣದಾಗಿತ್ತು.